ನೆಲಕ್ಕೆ ಬಿಗಿದ ಸರಪಳಿ

"ಗುರುಗಳೇ, ಎಲ್ಲವನ್ನೂ ಬಿಟ್ಟು ಬಂದವನಿಗೆ ದಿನದಿನವೂ ಈ ನೇಮಗಳೇಕೆ?" ಎಂದು ಶಿಷ್ಯನು ಕೇಳಿದನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮನೆ ಬಿಟ್ಟೆ. ಹೊಲದ ಪಾಲು ಬಿಟ್ಟೆ. ಅಣ್ಣನ ಮೇಲಿದ್ದ ಹಟವನ್ನೂ ಬಿಟ್ಟೆ. ನನ್ನ ಕೈಯಾರೆ ಎಲ್ಲವನ್ನೂ ಕಡಿದುಕೊಂಡು ಬಂದಿದ್ದೇನೆ. ಆದರೂ ನಸುಕಿಗೆ ಏಳು, ಜಪಕ್ಕೆ ಕೂರು, ನಾಲಗೆ ಬಿಗಿಹಿಡಿ. ಸಾಕಾಗಿದೆ. ನಾಳೆಯಿಂದ ಇದನ್ನೂ ಬಿಡಲೇ?"

ಗುರುಗಳು ಕಣ್ಣು ಮುಚ್ಚಿ ಶಿವನನ್ನು ನೆನೆದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಮರ ಕಡಿಯುವವನಿದ್ದನು. ಭಕ್ತ. ಬುಡ ಮುಟ್ಟಿ ಕೈಮುಗಿದು, "ಗೂಡಿನಲ್ಲಿದ್ದವರು ಹಾರಿಹೋಗಿರಪ್ಪ" ಎಂದು ಹಕ್ಕಿಗಳಿಗೆ ಹೇಳದೆ ಅವನು ಕೊಡಲಿ ಎತ್ತಿದವನಲ್ಲ. ಒಂದು ದಿನ ಅವನಿಗೆ ಹೊಂಗೆಮರದ ಕೊಂಬೆ ಕಡಿಯುವ ಕೆಲಸ ಬಂತು. ಕೊಂಬೆ ಕರೆಂಟಿನ ತಂತಿಗಳ ಮೇಲೆ ಒರಗಿತ್ತು. ಲೈನ್‌ಮನ್ ಬಂದು ಕರೆಂಟು ತೆಗೆದನು. ಇವನು ಕೈಮುಗಿದು ಮರಕ್ಕೆ ಕಾಲಿಟ್ಟನು.

"ಇಳಿಯೋ ಮಾರಾಯ, ಸರಪಳಿ ಕಟ್ಟಬೇಕು," ಎಂದನು ಲೈನ್‌ಮನ್. ತಂತಿಗಳಿಗೆ ಸರಪಳಿ ತೊಡಿಸಿ, ಅದರ ತುದಿಯನ್ನು ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಬಿಗಿಯುವುದು ಅವನ ಪದ್ಧತಿ. ತಂತಿಗೆ ಏನು ಬಂದರೂ ಅದು ಮಣ್ಣಿಗೆ ಇಳಿದುಹೋಗಲಿ ಎಂದು. ಆದರೆ ಅಂದು ಸರಪಳಿ ಪಕ್ಕದ ಊರಿನಲ್ಲಿ ಉಳಿದಿತ್ತು. ಅದನ್ನು ತರಲು ಅವನು ಸೈಕಲ್ ಹಿಡಿದನು.

"ಕರೆಂಟು ತೆಗೆದವನು ನೀನೇ ಅಲ್ಲವೇನಣ್ಣ?" ಎಂದನು ಮರ ಕಡಿಯುವವನು. "ಬೀಗ ಹಾಕಿ ಹತ್ತು ಸಲ ಜಗ್ಗಿ ನೋಡುವವನು ಕಣಯ್ಯ ನೀನು. ನಿನ್ನ ಕೈಯ ಮೇಲೆ ನಿನಗೇ ನಂಬಿಕೆಯಿಲ್ಲ!"

"ನನ್ನ ಕಡೆಯಿಂದ ಬರುವುದನ್ನು ನಾನು ನಿಲ್ಲಿಸಿದ್ದೇನೆ. ಬೇರೆ ಕಡೆಯಿಂದ ಬಂದರೆ? ನಿನ್ನ ಮಕ್ಕಳಿಗೆ ನಾನು ಏನೆಂದು ಹೇಳಲಿ? ಸುಮ್ಮನೆ ಕೂತಿರು."

ಬೆಳಗಿನಿಂದ ಬೇರೆ ಮರಗಳನ್ನು ಹತ್ತಿ ಇಳಿದು ಮರ ಕಡಿಯುವವನು ದಣಿದಿದ್ದನು. ಬಿಸಿಲು ಏರುತ್ತಿತ್ತು. ದೇವರಿಗೆ ಕೈಮುಗಿದಾಯಿತು, ಕರೆಂಟು ಹೋಗಿದೆ, ಇನ್ನು ಕಾಯುವುದೇನು ಎಂದು ಎದ್ದನು. ಮತ್ತೆ ಕೂತನು. ದಣಿವು ಕೂರಿಸಿತೋ, ಶಿವನೇ ಕೂರಿಸಿದನೋ.

ಲೈನ್‌ಮನ್ ಬಂದನು. ಗೂಟ ಹೊಡೆದು ಸರಪಳಿ ಬಿಗಿದನು. ಆಗ ಇವನು ಮರ ಹತ್ತಿದನು. ಅರ್ಧ ಕಡಿದ ಕೊಂಬೆ ಇನ್ನಷ್ಟು ಬಾಗಿ, ಹಸಿ ಎಲೆಗಳು ತಂತಿಯನ್ನು ತಬ್ಬಿದವು. ಅದೇ ಹೊತ್ತಿಗೆ, ಬೀದಿಯ ಕೊನೆಯಲ್ಲಿ, ಹಿಟ್ಟಿನ ಗಿರಣಿಯವನು ಕರೆಂಟಿಗೆ ಕಾದು ಕಾದು ಬೇಸತ್ತನು. ಜೋಳದ ಡಬ್ಬಿ ಹಿಡಿದ ಹೆಂಗಸರು ಅವನ ಬಾಗಿಲಲ್ಲಿ ನಿಂತಿದ್ದರು. ಅವನು ಜನರೇಟರ್ ಹಚ್ಚಿದನು. ಬೀದಿಯ ತಂತಿಯಿಂದ ಗಿರಣಿಯನ್ನು ಬಿಡಿಸದೆಯೇ ಹಚ್ಚಿದನು. ಕರೆಂಟು ಹಿಂದುಹಿಂದಕ್ಕೆ ಹರಿದು ಕಂಬಗಳ ಮೇಲಿನ ತಂತಿಗೆ ಬಂತು.

ಸರಪಳಿ ಕಿಡಿ ಉಗುಳಿತು. ಗೂಟದ ಬುಡದಲ್ಲಿ ಮಣ್ಣು ಹೊಗೆಯಾಡಿತು. ಜನರೇಟರ್ ಒಮ್ಮೆ ನರಳಿ ನಿಂತುಹೋಯಿತು. ಕೊಂಬೆಯ ಮೇಲಿದ್ದವನಿಗೆ ಏನೂ ಆಗಲಿಲ್ಲ. ಅವನು ಮೆಲ್ಲನೆ ಇಳಿದು ಬಂದು, ನೀರು ಕೇಳಿದನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು ತಡೆಯಲಾರದೆ, "ಎಂಥ ಪಾಪಿ ಆ ಗಿರಣಿಯವನು! ಇವನ ಮೇಲೆ ಅವನಿಗೇನು ಹಗೆಯಿತ್ತು?" ಎಂದನು.

"ಹಗೆಯೆಲ್ಲಿಂದ ಬಂತಪ್ಪ, ಮರದ ಮೇಲೊಬ್ಬನಿದ್ದಾನೆಂಬುದೇ ಅವನಿಗೆ ತಿಳಿದಿರಲಿಲ್ಲ. ನೀನೂ ನಿನ್ನ ಕಡೆಯದನ್ನಷ್ಟೇ ಕಡಿದು ಬಂದಿದ್ದೀಯ; ನಾಳೆ ನಸುಕಿಗೆ ಏಳುವಾಗ ಆ ಸರಪಳಿಯನ್ನು ನೆನೆ."