ಜಟ್ಟು ದೋಣಿಯೇರಿ ಹೆಣ್ಣು ನೋಡಲು ಹೋದದ್ದು

ಹೂಂಗುಟ್ಟುವವರು ಹತ್ತಿರ ಬನ್ನಿ. ನಗುವವರು ಕೊಂಚ ತಡೆದುಕೊಳ್ಳಿ, ಬೀರಮ್ಮನ ಎದೆ ಡವಡವ ಅನ್ನುತ್ತಿದೆ.

ಗಂಗಾವಳಿ ಹೊಳೆಯ ದಂಡೆಯ ಈ ಬೀರಮ್ಮನಿಗೆ ಒಬ್ಬನೇ ಮಗ, ಜಟ್ಟು. ಆಳು ಬಾಗಿಲೆತ್ತರ, ತಲೆ ಮಾತ್ರ ಖಾಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ಕಷ್ಟ. ನಾನು ಕಣ್ಣು ಮುಚ್ಚಿದ ಮೇಲೆ ಇವನನ್ನು ಯಾರಪ್ಪಾ ನೋಡಿಕೊಳ್ಳುತ್ತಾರೆ ಎಂಬ ಚಿಂತೆಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಬಂದ ಸಂಬಂಧಗಳೆಲ್ಲ ಮುರಿದಿದ್ದವು. ಅಷ್ಟರಲ್ಲಿ ಬೇಲೇಕೇರಿಯ ಹಮ್ಮಣ್ಣ ಹೇಳಿಕಳಿಸಿದ: "ನನ್ನ ಮಗಳು ಮಂಕಾಳೀನ ನೋಡೂಕೆ ಬನ್ನಿ." ಬೀರಮ್ಮ ಸುರಿಯುವ ಮಳೆಯಲ್ಲೇ ಮಗನನ್ನು ಎಳೆದುಕೊಂಡು ಅಂಬಿಗ ಬೊಮ್ಮಣ್ಣನ ದೋಣಿ ಹತ್ತಿಬಿಟ್ಟಳು.

"ಜಟ್ಟೂ, ಹೊಸ ಕೊಡೆ! ಹೆಣ್ಣಿನ ಮನೆಯವ್ರು ನೋಡ್ಬೇಕು. ನೆನೆಸ್ಬೇಡ!"

"ಆಯ್ತವ್ವೀ!"

ಮಳೆ ಜೋರಾಯಿತು. ಜಟ್ಟು ಕೊಡೆಯನ್ನು ಮಡಚಿ ಅಂಗಿಯೊಳಗೆ ಬಚ್ಚಿಟ್ಟು ತಾನು ತೊಪ್ಪೆಯಾಗಿ ಕೂತ.

"ಅಯ್ಯೋ ಪೆದ್ದೇ! ಕೊಡೆ ಒಣಗಿದ್ರೆ ಎಂತ ಬಂತೋ? ಮೊದ್ಲು ಮೈ ಒರೆಸ್ಕೊ!"

"ಆಯ್ತವ್ವೀ!"

ದೋಣಿ ಹೊಳೆಬಾಯಿ ದಾಟಿ ಸಮುದ್ರಕ್ಕೆ ಬಿತ್ತು. ಅಲೆ ಏರಿದಾಗಲೆಲ್ಲ ಬೀರಮ್ಮ ಕಣ್ಣು ಮುಚ್ಚಿ ದೇವರನ್ನು ಕರೆಯುತ್ತಿದ್ದಳು. ಕಣ್ಣು ಬಿಟ್ಟು ನೋಡಿದರೆ ಮಗ ಗಂಟು ಬಿಚ್ಚಿದ್ದಾನೆ, ಹುಡುಗಿಗೆಂದು ತಂದ ಸೀರೆಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದಾನೆ!

ಬೀರಮ್ಮ ಸೀರೆ ಕಿತ್ತುಕೊಂಡು ಗಂಟು ಕಟ್ಟಿದಳು. "ಹಾಳಾದವ್ನೇ! ಇನ್ನು ಏನನ್ನೂ ಮುಟ್ಬೇಡ! ಕೈ ಕಟ್ಟಿ ಕೂರು!"

"ಆಯ್ತವ್ವೀ!"

ದೊಡ್ಡದೊಂದು ಅಲೆ ಬಂತು. ದೋಣಿ ವಾಲಿತು, ಗಂಟು ಜಾರಿತು. ಜಟ್ಟುವಿನ ಕಾಲ ಹತ್ತಿರ ಬಂತು, ಅಂಚಿಗೆ ಹೋಯಿತು, ನೀರಿಗೆ ಬಿತ್ತು. ಜಟ್ಟು ಕೈ ಕಟ್ಟಿಕೊಂಡು ನೋಡುತ್ತಲೇ ಇದ್ದ. ಬೊಮ್ಮಣ್ಣ ಹುಟ್ಟು ಚಾಚಿ ಎಳೆದದ್ದಕ್ಕೆ ಗಂಟು ಉಳಿಯಿತು.

"ಮುಟ್ಬೇಡ ಅಂದ್ಯಲ್ಲವ್ವೀ!"

"ನೀರಲ್ಲಿ ಏನಾದ್ರೂ ಕಂಡ್ರೆ ಬಾಚಿ ದೋಣಿಗೆ ಎಳ್ಕೊಳ್ಬೇಕೋ! ನನ್ನ ಕೇಳ್ತಾ ಕೂರ್ಬೇಡ!"

"ಆಯ್ತವ್ವೀ!"

ಬೇಲೇಕೇರಿ ಬಂತು. ಬೀರಮ್ಮನಿಗೆ ಜೀವ ಬಂದ ಹಾಗಾಯಿತು. ಹಮ್ಮಣ್ಣ ತಾನೇ ಸೊಂಟದ ಮಟ್ಟ ನೀರಿಗಿಳಿದು, ನಗುನಗುತ್ತ ದೋಣಿಯ ಮೂತಿ ಹಿಡಿದುಕೊಂಡ. ಜಟ್ಟು ನೋಡಿದ. ನೀರಲ್ಲಿ ಏನೋ ಇದೆ! ಎರಡೂ ಕಂಕುಳಿಗೆ ಕೈ ಹಾಕಿ ಆಗುವ ಮಾವನನ್ನು ಎತ್ತಿ ದೋಣಿಯೊಳಕ್ಕೆ ಧೊಪ್ಪನೆ ಹಾಕಿದ.

"ಎಳ್ಕಂಡೆ ಅವ್ವೀ!"

ಹಿಡಿದುಕೊಳ್ಳುವವರಿಲ್ಲದೆ ದೋಣಿ ಹಿಂದಕ್ಕೆ ಜಾರತೊಡಗಿತು. ಬೊಮ್ಮಣ್ಣ ಕೂಗಿದ: "ಜಟ್ಟೂ! ಹಗ್ಗ ಹಿಡ್ಕಂಡು ದಡಕ್ಕೆ ಹಾರು! ಏನೇ ಆದ್ರೂ ಹಗ್ಗ ಬಿಡ್ಬೇಡ!"

ಜಟ್ಟು ಹಗ್ಗ ಹಿಡಿದ. ಅದು ದೋಣಿಗೆ ಕಟ್ಟಿತ್ತಲ್ಲ, ಬಿಚ್ಚಿಕೊಂಡ. ಹಾರಿದ, ಓಡಿದ, ದಡ ಸೇರಿದ.

"ಬಿಡ್ಲಿಲ್ಲ ನೋಡವ್ವೀ!"

ದೋಣಿ ಸಮುದ್ರದ ಕಡೆಗೆ ಹೊರಟಿತು. ಬೊಮ್ಮಣ್ಣ ಹುಟ್ಟು ಹಾಕಿದಷ್ಟೂ ನೀರಿನ ಸೆಳೆತ ಹಿಂದಕ್ಕೆ ಎಳೆಯುತ್ತಿತ್ತು. ಈ ಸಂಬಂಧವೂ ಹೋಯಿತಲ್ಲ ದೇವರೇ ಎಂದು ಬೀರಮ್ಮ ಹಣೆ ಚಚ್ಚಿಕೊಂಡಳು.

ಆಗ ಮನೆಯಿಂದ ಮಂಕಾಳಿ ಓಡಿಬಂದಳು. ದೋಣಿ ನೋಡಿದಳು, ದೋಣಿಯಲ್ಲಿದ್ದ ಅಪ್ಪನನ್ನು ನೋಡಿದಳು, ಹಗ್ಗ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನೋಡ್ತಾ ನಿಂತ್ರೆಂತಾತು? ಎಳೀರಿ!"

ಇಬ್ಬರೂ ಮರಳಲ್ಲಿ ಕಾಲೂರಿ ಎಳೆದರು. ಎಳೆದೂ ಎಳೆದೂ ಹಗ್ಗದ ತುದಿ ಕೈಗೇ ಬಂತು. ಇಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ದೋಣಿಯಲ್ಲಿ ಹಮ್ಮಣ್ಣ ತಲೆ ತಗ್ಗಿಸಿದ. ಪಂಚೆ ಹಿಂಡುತ್ತ ಮೆಲ್ಲಗೆ ಕೇಳಿದ: "ಬೀರಕ್ಕಾ, ದಿನ ಗೊತ್ತು ಮಾಡ್ವನಾ?"

"ನಾವು ಹೋದ್ಮೇಲೆ ಈ ಇಬ್ಬರನ್ನೂ ಯಾರು ನೋಡ್ಕೊಳ್ತಾರೋ ಹಮ್ಮಣ್ಣಾ!" ಎಂದು ಬೀರಮ್ಮ ಅಳುವುದಕ್ಕೂ, ದಡದಿಂದ ಮಂಕಾಳಿ ಕೂಗುವುದಕ್ಕೂ ಸರಿಹೋಯಿತು:

"ಹೆದರ್ಬೇಡಿ! ಈ ತುದೀಲಿ ದೋಣಿ ಇಲ್ಲ! ಆ ತುದಿ ಎಳ್ದು ನೋಡ್ತೇವೆ!"