ಸಲೋಮಿ ಎಬ್ಬಿಸಿದ ಸರ್ವರ್

“ಗುರುಗಳೇ, ನಾನು ಬಲ್ಲ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಕೊಟ್ಟಿದ್ದೇನೆ. ಆದರೂ ಅವರ ಕೈಗೆ ಬಿಡಲು ಮನಸ್ಸು ಬರುವುದಿಲ್ಲ. ಏನು ಮಾಡಲಿ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಸಂಗತಿ ಹೇಳಿದರು.

ಒಂದು ತಾಲ್ಲೂಕು ಪಟ್ಟಣದಲ್ಲಿ ದೇವೇಂದ್ರಯ್ಯ ಎಂಬ ಗಣಿತದ ಮೇಷ್ಟರಿದ್ದರು. ಆಸ್ಪತ್ರೆಗೆ ರಕ್ತ ಬೇಕಾದಾಗ ತಕ್ಕ ದಾನಿಗಳ ಫೋನಿಗೆ ಸಂದೇಶ ಕಳಿಸುವ ತಂತ್ರಾಂಶವೊಂದನ್ನು ಅವರೇ ಬರೆದಿದ್ದರು. ಅದು ಅವರ ಮನೆಯ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಕರೆಂಟು ಹೋದರೆ ನಿಲ್ಲುತ್ತಿತ್ತು.

ಅದಕ್ಕಾಗಿ ಮೇಷ್ಟರು ಕ್ಲೌಡಿನಲ್ಲಿ, ಎಂದರೆ ದೂರದ ಕಂಪನಿಯೊಂದರ ಹಗಲೂರಾತ್ರಿ ಓಡುವ ಯಂತ್ರಗಳಲ್ಲಿ, ಒಂದು ಲಿನಕ್ಸ್ ಸರ್ವರನ್ನು ಬಾಡಿಗೆಗೆ ಹಿಡಿದರು. ಹನ್ನೊಂದು ದಿನ ಪಟ್ಟುಹಿಡಿದು ಕೂತರು. ಒಳಗೆ ಹೋಗಲು ಕೀಲಿ ಮಾಡಿಕೊಂಡರು. ಹೊರಗಿನವರು ನುಗ್ಗಬಹುದಾದ ಬೇಡದ ದಾರಿಗಳನ್ನೆಲ್ಲ ಮುಚ್ಚಿದರು. ತಂತ್ರಾಂಶವನ್ನು ಕಂಟೇನರಿನಲ್ಲಿ ಕಟ್ಟಿ ಅಲ್ಲಿಟ್ಟರು. ಕಂಟೇನರ್ ಎಂದರೆ ಬುತ್ತಿಯ ಹಾಗೆ. ಬೇಕಾದದ್ದೆಲ್ಲ ಒಳಗೇ ಇರುತ್ತದೆ, ಎಲ್ಲಿ ಬಿಚ್ಚಿದರೂ ಉಣ್ಣಬಹುದು. ಹನ್ನೆರಡನೆಯ ದಿನ ಸಂದೇಶಗಳು ಹೋಗತೊಡಗಿದವು. ಮೇಷ್ಟರಿಗೆ ಹೆತ್ತಷ್ಟು ಸಂತೋಷವಾಯಿತು. ಆಮೇಲೆ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ತಾವೂ ಮುಟ್ಟಲು ಹೆದರಿದರು.

ಒಂದು ದಿನ ಅವರು ಪರೀಕ್ಷೆಯ ಕೊಠಡಿಯಲ್ಲಿದ್ದರು, ಫೋನು ಬಂದ್ ಆಗಿತ್ತು. ಆ ಹೊತ್ತಿಗೆ ಸರ್ವರ್ ತಾನಾಗಿ ಒಮ್ಮೆ ನಿಂತು ಮತ್ತೆ ಶುರುವಾಯಿತು. ಕಂಟೇನರ್ ಮಾತ್ರ ಏಳಲಿಲ್ಲ. ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳಿಗೆ ರಕ್ತ ಬೇಕಾಗಿತ್ತು. ನರ್ಸ್ ಸಲೋಮಿ ಕಂಡಕಂಡವರಿಗೆಲ್ಲ ಫೋನು ಮಾಡಿ, ಎರಡು ತಾಸು ತಡವಾಗಿ ದಾನಿಯನ್ನು ಹುಡುಕಿದಳು. ಬಾಣಂತಿ ಉಳಿದಳು.

ಮರುದಿನ ಸಲೋಮಿ ಮೇಷ್ಟರ ಮನೆಗೆ ಬಂದಳು. ಬೈಯಲಿಲ್ಲ. “ಮೇಷ್ಟ್ರೇ, ನೀವು ಸಿಗದ ಹೊತ್ತಿನಲ್ಲಿ ನಾನು ಯಾರನ್ನು ಕೇಳಲಿ?” ಎಂದಳು.

ಆ ಭಾನುವಾರ ಮೇಷ್ಟರು ಇನ್ನೊಂದು ಖಾಲಿ ಸರ್ವರ್ ಹಿಡಿದರು. ತಾವು ಮಾಡಿದ್ದನ್ನೆಲ್ಲ ಒಂದೊಂದಾಗಿ ಹಾಳೆಯಲ್ಲಿ ಬರೆದು ಸಲೋಮಿಗೆ ಕೊಟ್ಟು, ಪಕ್ಕದಲ್ಲಿ ಕೂತರು. ಆರನೆಯ ಸಾಲಿಗೆ ಅವಳು ಸಿಕ್ಕಿಕೊಂಡಳು. ಮೇಷ್ಟರು ಕೀಲಿಮಣೆಗೆ ಕೈ ಚಾಚಿದರು.

“ಕೈ ಬೇಡ ಮೇಷ್ಟ್ರೇ, ಬಿಟ್ಟುಹೋದದ್ದನ್ನು ಹಾಳೆಯಲ್ಲಿ ಬರೀರಿ,” ಎಂದಳು ಸಲೋಮಿ.

ಬರೆದರು. ಮುಂದಿನ ಭಾನುವಾರ ಆ ಸರ್ವರನ್ನು ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಕಂಟೇನರ್ ಎದ್ದಿತು. ಆದರೆ ನಿಲ್ಲಿಸಿ ಹೊಸದಾಗಿ ಎಬ್ಬಿಸಿ ನೋಡಿದರೆ ದಾನಿಗಳ ಪಟ್ಟಿ ಖಾಲಿ. ಪಟ್ಟಿಯನ್ನು ಕಂಟೇನರಿನ ಹೊರಗೆ ಬೇರೆ ಜಾಗದಲ್ಲಿಡಬೇಕು ಎಂಬುದನ್ನು ಮೇಷ್ಟರು ಬರೆದಿರಲಿಲ್ಲ. ತಮಗೆ ಗೊತ್ತಿದ್ದದ್ದರಲ್ಲಿ ಹಾಳೆಗೆ ಇಳಿಯದೆ ಉಳಿದದ್ದು ಎಷ್ಟೆಂದು ಅವರಿಗೆ ಅಂದು ತಿಳಿಯಿತು. ಅದನ್ನೂ, ಸರ್ವರ್ ಶುರುವಾದಾಗ ಕಂಟೇನರ್ ತಾನೇ ಏಳುವಂತೆ ಮಾಡುವುದನ್ನೂ ಬರೆದರು. ಮೂರನೆಯ ಭಾನುವಾರ ಸಲೋಮಿ ಒಂದೂ ಪ್ರಶ್ನೆ ಕೇಳದೆ ಅರ್ಧ ತಾಸಿನಲ್ಲಿ ಸರ್ವರನ್ನು ಸಿದ್ಧ ಮಾಡಿದಳು. ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿ ನೋಡಿದರು, ಕಂಟೇನರ್ ತಾನೇ ಎದ್ದಿತು, ಪಟ್ಟಿ ಇದ್ದ ಹಾಗೇ ಇತ್ತು.

ಆಗ ಮೇಷ್ಟರು ಆಸ್ಪತ್ರೆಯ ಬೇಡಿಕೆಗಳೆಲ್ಲ ಅವಳ ಸರ್ವರಿಗೆ ಹೋಗುವಂತೆ ಮಾಡಿದರು. ಎರಡು ದಿನ ಕಾದರು. ಬಳಿಕ ತಾವು ಹನ್ನೊಂದು ದಿನ ಕೂತು ಕಟ್ಟಿದ ಹಳೆಯ ಸರ್ವರನ್ನು ಅಳಿಸಲು ಹೊರಟರು. ಎದ್ದು ನೀರು ಕುಡಿದು ಬಂದು, ಅಳಿಸಿಬಿಟ್ಟರು.

ಮಳೆಗಾಲದಲ್ಲಿ ಮತ್ತೆ ಒಂದು ಪರೀಕ್ಷೆ. ಮೇಷ್ಟರು ಕೊಠಡಿಯಿಂದ ಹೊರಬಂದು ಫೋನು ತೆರೆದಾಗ ಸಲೋಮಿಯ ಸಂದೇಶವಿತ್ತು: “ಸರ್ವರ್ ಪೂರಾ ಕೆಟ್ಟಿತ್ತು. ನಿನ್ನೆ ನಕಲು ತೆಗೆದಿಟ್ಟ ಪಟ್ಟಿ ಹಾಕಿ ಬೇರೆಯದು ಎಬ್ಬಿಸಿದೆ. ಇವತ್ತು ಬೇಕಾಗಿದ್ದ ದಾನಿಗಳು ಮೂವರೂ ಬಂದರು.” ಮೇಷ್ಟರು ಅದನ್ನು ಎರಡು ಸಲ ಓದಿದರು. ಅಂದು ಅವರು ಮನೆಗೆ ನಡೆದೇ ಹೋದರು, ದಾರಿಯುದ್ದಕ್ಕೂ ಗುನುಗುತ್ತ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕೇಳಿದ: “ಹಳೆಯ ಸರ್ವರನ್ನೂ ಒಂದು ಕಡೆ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು, ಗುರುಗಳೇ?”

“ಸಲೋಮಿಯನ್ನು ನಂಬಿದ್ದೇನೆ ಎಂದು ಮೇಷ್ಟರು ಬರೀ ಬಾಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು,” ಎಂದರು ಗುರುಗಳು.