ಕಿಡಿ ಕಾರಿದ ಕಾರು

ನಗೋಕೆ ಬಂದೋರು ಮುಂದೆ ಬನ್ನಿ, ಬುದ್ಧಿ ಕಲಿಯೋಕೆ ಬಂದೋರು ಹಿಂದೆ ಕೂತ್ಕೊಳ್ಳಿ. ನನ್ನ ಕತೇಲಿ ಬುದ್ಧಿ ಇರೋದು ಹೆಸರಲ್ಲಿ ಮಾತ್ರ.

ಗುಂಡ್ಲುಪೇಟೆಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ. ಹುಟ್ಟಿದಾಗ ಮುದ್ದಾಗಿದ್ದ ಅಂತ ಚಿನ್ನಬುದ್ಧಿ ಅಂತ ಹೆಸರಿಟ್ಟಳು. ಚಿನ್ನದಂಥ ಮಗ, ಅದರಲ್ಲಿ ಎರಡು ಮಾತಿಲ್ಲ. ಬುದ್ಧಿ ವಿಚಾರ ಕೇಳಬೇಡಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಒಂದಕ್ಷರ ಬಿಡ್ತಿರಲಿಲ್ಲ. ಅದೇ ಅವನ ಕಾಯಿಲೆ.

ಹೋಟೆಲಿಗೆ ಸೇರಿಸಿದಳು. "ಗಿರಾಕಿಗಳನ್ನ ಚೆನ್ನಾಗಿ ನೋಡ್ಕೋ" ಅಂದರು ಮಾಲೀಕರು. ಇವನು ಒಬ್ಬೊಬ್ಬರ ಎದುರಿಗೂ ಕೂತು, ಕಣ್ಣು ಮಿಟುಕಿಸದೆ, ಅವರು ದೋಸೆ ನುಂಗೋದನ್ನೇ ನೋಡಿದ. ಮಧ್ಯಾಹ್ನಕ್ಕೆ ಹೋಟೆಲೂ ಖಾಲಿ, ಇವನ ಕೆಲಸವೂ ಖಾಲಿ. ಬಟ್ಟೆ ಅಂಗಡಿಗೆ ಸೇರಿಸಿದಳು. "ಬಂದ ಗಿರಾಕೀನ ಕೈ ಬಿಡಬೇಡ" ಅಂದರು. ಇವನು ಪಂಚೆ ಕೊಳ್ಳೋಕೆ ಬಂದಿದ್ದ ಒಬ್ಬ ಅಜ್ಜಪ್ಪನ ಕೈ ಹಿಡಿದ. ಹಿಡಿದ ಕೈ ಬಿಡದೆ, ಬಸ್ ಹತ್ತಿ ಅವರೂರಿನ ತನಕ ಹೋದ.

ಪುಟ್ಟತಾಯಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಕೊನೆಗೆ ಎದ್ದು, ಊಟಿ ರಸ್ತೆಯ ಗ್ಯಾರೇಜಿಗೆ ಹೋಗಿ, ಮೆಕ್ಯಾನಿಕ್ ಜವರಪ್ಪನ ಮುಂದೆ ಸೆರಗೊಡ್ಡಿದಳು.

"ಜವರಣ್ಣ, ಊರಲ್ಲಿ ಇವನ್ನ ಇಟ್ಕೊಳ್ಳೋರು ಇನ್ಯಾರೂ ಉಳಿದಿಲ್ಲ. ನೀನೂ ಆಚೆ ಹಾಕಿದ್ರೆ, ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು?"

ಪಕ್ಕದಲ್ಲೇ ನಿಂತಿದ್ದ ಮಗ ಹೇಳಿದ, "ಅವ್ವ, ನೀನು ಕಣ್ಣು ಮುಚ್ಕೋ, ಪರವಾಗಿಲ್ಲ. ಕೈ ಹಿಡ್ಕೊಂಡು ನಾನೇ ಮನೆಗೆ ಕರ್ಕೊಂಡು ಹೋಗ್ತೀನಿ!"

ಜವರಪ್ಪನ ಬಾಯಿ ಜೋರು, ಮನಸ್ಸು ಮೆತ್ತಗೆ. "ಸೋಮವಾರದಿಂದ ಬರ್ಲಿ ತಾಯಿ. ಸಾವ್ಕಾರ್ರ ಗಾಡಿ ಬರ್ತಾ ಅದೆ. ಭಾನುವಾರ ಆ ಗಾಡಿ ಊಟಿ ಘಾಟಿ ಹತ್ತಿದ್ರೆ ಇವನು ಖಾಯಂ. ಇವನ ದೆಸೆಯಿಂದ ಎಲ್ಲಾದ್ರೂ ನಿಂತ್ರೆ, ಆಮೇಲೆ ನನ್ನ ಕೇಳಬೇಡ."

ಸಾವ್ಕಾರ್ರು ಅಂದ್ರೆ ಅರಿಶಿನ ಮಂಡಿ ವಿರೂಪಾಕ್ಷಪ್ಪ. ಗಾಡಿ ಅಂದ್ರೆ ಇಬ್ಬರೇ ಕೂರೋ, ನೆಲಕ್ಕೆ ಅಂಟಿಕೊಂಡ ಹಾಗಿರೋ ಕೆಂಪು ಸ್ಪೋರ್ಟ್ಸ್ ಕಾರು. ಹಳೇದು, ಆದ್ರೆ ಮಿರಮಿರ ಮಿಂಚೋದು. ಭಾನುವಾರ ಘಾಟಿಯಲ್ಲಿ ಹಳೇ ಕಾರುಗಳ ಓಟ. ಹೋದ ವರ್ಷ ಸಾವ್ಕಾರ್ರ ಗಾಡಿ ಮೂರನೇ ತಿರುವಿನಲ್ಲೇ ಕೂತುಬಿಟ್ಟಿತ್ತು, ಅವರ ಭಾವಮೈದ ಕೈ ಬೀಸಿಕೊಂಡು ಮುಂದೆ ಹೋಗಿದ್ದ. ಆ ಉರಿ ಇನ್ನೂ ಆರಿರಲಿಲ್ಲ.

"ಬೆಳಗ್ಗೆ ಎದ್ರೆ ಕೆಮ್ಮುತ್ತೆ ಕಣಯ್ಯ ಜವರಪ್ಪ," ಅಂದರು ಸೋಮವಾರ ಗಾಡಿ ತಂದ ಸಾವ್ಕಾರ್ರು. "ಹೊರದೇಶದಿಂದ ಕಿಡಿ ಹೊತ್ತಿಸೋ ಇಗ್ನಿಷನ್ ಕಿಟ್ ತರಿಸ್ತಾ ಇದ್ದೀನಿ. ದಪ್ಪ ಕಾಯಿಲ್ಲು, ದಪ್ಪ ವೈರು, ನಾಲ್ಕು ಹಲ್ಲಿನ ಪ್ಲಗ್ಗು! ಕಿಡಿ ದಪ್ಪ ಆದ್ರೆ ಗಾಡಿ ಹಾರ್ತದೆ!"

"ಸಾವ್ಕಾರ್ರೇ, ಇಂಜಿನ್ ಅದೇ, ಪೆಟ್ರೋಲ್ ಅದೇ. ಪೆಟ್ರೋಲಿಗೆ ಬೆಂಕಿ ಹತ್ತೋವಷ್ಟು ಕಿಡಿ ಇದ್ರೆ ಸಾಕಲ್ವಾ? ಬೀಡಿ ಹಚ್ಚೋಕೆ ಕಡ್ಡಿ ಬದಲು ಪಂಜು ತಂದ್ರೆ, ಬೀಡಿ ಏನು ಜಾಸ್ತಿ ಹೊಗೆ ಕೊಡ್ತದಾ? ಇಂಜಿನ್ನೇ ಬಿಚ್ಚಿ ಜೋರು ಮಾಡಿಸಿದೋರಿಗೆ ಆ ಕಿಟ್ಟು ಸರಿ. ನಿಮ್ಮ ಗಾಡಿಗೆ ಇರೋದನ್ನೇ ಉಜ್ಜಿ, ಪ್ಲಗ್ಗಿನ ಗ್ಯಾಪ್ ಸರಿ ಮಾಡಿದ್ರೆ ಆಯ್ತು."

"ನೀನೇನು ನನ್ನ ಭಾವಮೈದನ ಕಡೆಯೋನಾ? ಹಾಕು ಅಂದ್ರೆ ಹಾಕು!"

ಜವರಪ್ಪ ಚಿನ್ನಬುದ್ಧಿ ಕಡೆ ತಿರುಗಿ, "ಊಟ ಮಾಡ್ಕೊಂಡು ಬರ್ತೀನಿ ಕಣ್ಲಾ. ಬಂದು ಈ ಕೆಮ್ಮಿಗೆ ಏನಾದ್ರೂ ಮಾಡೋಣ" ಅಂತ ಹೊರಟ.

ಕೆಮ್ಮಿಗೆ ಏನು ಮಾಡ್ತಾರೆ? ಕಷಾಯ ಮಾಡ್ತಾರೆ! ಚಿನ್ನಬುದ್ಧಿ ಮನೆಗೆ ಓಡಿದ. ಶುಂಠಿ ಜಜ್ಜಿದ, ಮೆಣಸು ಕುಟ್ಟಿದ, ಬೆಲ್ಲ ಹಾಕಿ ಕುದಿಸಿದ, ಚೊಂಬಿನಲ್ಲಿ ತಂದ. ಗಾಡಿಗೆ ಬಾಯಿ ಎಲ್ಲಿ? ಎಲ್ಲಿಂದ ಕೆಮ್ಮುತ್ತೋ ಅದೇ ಬಾಯಿ! ಹಿಂದುಗಡೆ ಸೈಲೆನ್ಸರ್ ಕೊಳವೆ ಹತ್ತಿರ ಕುಕ್ಕರುಗಾಲಲ್ಲಿ ಕೂತು, "ಕುಡಿಯವ್ವ, ಕುಡಿ" ಅಂತ ಅಷ್ಟೂ ಸುರಿದ.

ಜವರಪ್ಪ ಬಂದು ಗಾಡಿ ಸ್ಟಾರ್ಟ್ ಮಾಡಿದ. ಸಾವ್ಕಾರ್ರು ಬಿಳೀ ಪಂಚೆ ಉಟ್ಟು ಹಿಂದೆ ನಿಂತು ಸದ್ದು ಕೇಳ್ತಿದ್ದರು. ಬುಸ್ಸ್! ಶುಂಠಿ, ಮೆಣಸು, ಬೆಲ್ಲ, ಎಲ್ಲಾ ಪಂಚೆ ಮೇಲೆ!

"ಅಯ್ಯೋ ಪೆದ್ದೇ!" ಅಂತ ಕೂಗಿದ ಜವರಪ್ಪ. "ಕೆಮ್ಮಿದ್ರೆ ಕಷಾಯ ಸುರೀತಾರೇನ್ಲಾ? ಬಿಚ್ಚಬೇಕು! ಒರೆಸಬೇಕು! ಬಿಸಿಲಿಗಿಟ್ಟು ಒಣಗಿಸಬೇಕು! ಆಮೇಲೆ ಒಳಗೆ ನೋಡಬೇಕು!"

"ಹಂಗೇ ಮಾಡ್ತೀನಿ ಜವರಣ್ಣೋ!"

ದಾರಿಯುದ್ದಕ್ಕೂ "ಬಿಚ್ಚು, ಒರೆಸು, ಒಣಗಿಸು, ಒಳಗೆ ನೋಡು" ಅಂತ ಮಣಮಣ ಅಂದ್ಕೊಂಡೇ ಮನೆಗೆ ಹೋದ. ಪುಟ್ಟತಾಯಮ್ಮ ಬಾಗಿಲಲ್ಲೇ ಕಾಯ್ತಿದ್ದಳು. "ಕೆಲಸ ಇದೆಯೇನ್ಲಾ ಮಗ?" ಅಂದಳು. "ಇದೆ ಅವ್ವ!" ಅಂದ. ಉಸಿರು ಬಿಟ್ಟು ಮುದ್ದೆ ಇಕ್ಕಿದಳು.

ಮಾರನೇ ದಿನ ಸಾವ್ಕಾರ್ರು ಮಂಡಿಯಿಂದ ನೇರ ಬಂದರು. ಅರಿಶಿನದ ಧೂಳು ಗಂಟಲಿಗೆ ಇಳಿದಿತ್ತು. ಖೊಕ್ ಖೊಕ್ ಅಂದರು. ಜವರಪ್ಪ ಗಾಡಿ ಕೆಳಗೆ ಮಲಗಿದ್ದ. ಚಿನ್ನಬುದ್ಧಿ ಓಡಿಬಂದ. ಕೆಮ್ಮು! ಬಿಚ್ಚು! ಸಾವ್ಕಾರ್ರ ಜುಬ್ಬ ಎತ್ತಿ ತಲೆ ಮೇಲಿಂದ ಎಳೆದ. ಒರೆಸು! ಗ್ರೀಸ್ ಬಟ್ಟೆಯಲ್ಲಿ ಎದೆ, ಬೆನ್ನು, ಬೋಳುತಲೆ ಎಲ್ಲಾ ಒರೆಸಿದ. ಒಣಗಿಸು! ಎತ್ತಿಕೊಂಡು ಹೋಗಿ ಹಳೇ ಟೈರಿನ ಮೇಲೆ ಬಿಸಿಲಿಗೆ ಕೂರಿಸಿದ.

"ಇದೇನೋ ಇದು! ಬಿಡೋ ನನ್ನ!"

"ಒಣಗಿದ್ರಾ? ಹಂಗಾದ್ರೆ ಬಾಯಿ ತೆಗೀರಿ, ಒಳಗೆ ನೋಡ್ಬೇಕು!"

ಜವರಪ್ಪ ಗಾಡಿ ಕೆಳಗಿಂದ ತೆವಳಿಕೊಂಡು ಬಂದು ಹಣೆ ಚಚ್ಚಿಕೊಂಡ. "ಸಾವ್ಕಾರ್ರ ಮೈ ಮುಟ್ತಾರೇನ್ಲಾ? ಮರ್ಯಾದೆ ಬೇಡ್ವಾ? ಒಂದು ಮಾರು ಗ್ಯಾಪ್ ಬಿಟ್ಟು, ಕೈ ಮುಗಿದು ನಿಂತ್ಕೋಬೇಕು! ಗ್ಯಾಪ್ ಅಂದ್ರೆ ಮರ್ಯಾದೆ, ತಿಳೀತಾ?"

"ಹಂಗೇ ಮಾಡ್ತೀನಿ ಜವರಣ್ಣೋ!"

ಮತ್ತೆ ಮಣಮಣ. "ಒಂದು ಮಾರು ಗ್ಯಾಪ್, ಕೈ ಮುಗಿ. ಒಂದು ಮಾರು ಗ್ಯಾಪ್, ಕೈ ಮುಗಿ." ಮತ್ತೆ ಬಾಗಿಲಲ್ಲಿ ಪುಟ್ಟತಾಯಮ್ಮ. "ಕೆಲಸ ಇದೆಯೇನ್ಲಾ ಮಗ?" "ಇದೆ ಅವ್ವ!" ಮತ್ತೆ ಮುದ್ದೆ.

ಬುಧವಾರ ಜವರಪ್ಪ ಪ್ಲಗ್ ಬಿಚ್ಚೋದು, ಹಾಕೋದು ಎಲ್ಲಾ ಕೈ ಹಿಡಿದು ತೋರಿಸಿಕೊಟ್ಟ. ಬಿಚ್ಚೋದಕ್ಕೆ, ಹಾಕೋದಕ್ಕೆ ಚಿನ್ನಬುದ್ಧಿ ಕೈ ಚುರುಕಾಗೇ ಇತ್ತು ಬಿಡಿ, ಮಾತೇ ಅವನಿಗೆ ಮುಳುವು. "ಈ ಪ್ಲಗ್ಗುಗಳಿಗೆ ಗ್ಯಾಪ್ ಬಿಡು, ಟೀ ಕುಡಿದು ಬರ್ತೀನಿ" ಅಂತ ಜವರಪ್ಪ ಹೋದ. ಬಂದು ನೋಡ್ತಾನೆ, ಪ್ಲಗ್ಗುಗಳು ಗೋಡೆ ಮೇಲೆ ಸಾಲಾಗಿ ಕೂತಿವೆ. ಎದುರಿಗೆ, ಸರಿಯಾಗಿ ಒಂದು ಮಾರು ದೂರದಲ್ಲಿ, ಚಿನ್ನಬುದ್ಧಿ ಕೈ ಮುಗಿದು ನಿಂತಿದ್ದಾನೆ!

"ಏನ್ಲಾ ಇದು?"

"ಗ್ಯಾಪ್ ಬಿಟ್ಟಿದ್ದೀನಿ ಜವರಣ್ಣ. ಮರ್ಯಾದೆ!"

"ನಿನ್ನ ಮರ್ಯಾದೆಗಿಷ್ಟು! ಪ್ಲಗ್ಗಿನ ತುದೀಲಿ ಗ್ಯಾಪ್ ಬಿಡ್ಬೇಕು ಕಣ್ಲಾ. ಮಾರಲ್ಲ, ನಿನ್ನ ಉಗುರು ಎಷ್ಟು ದಪ್ಪ ಇದೆಯೋ ಅಷ್ಟು! ಆ ಗ್ಯಾಪಲ್ಲಿ ಕಿಡಿ ಹಾರ್ಬೇಕು. ಕಿಡಿ ಕಂಡ್ರೆ, ಭೇಷ್, ಕೆಲಸ ಆಯ್ತು ಅಂತ ಚಪ್ಪಾಳೆ ತಟ್ಟು!"

"ಹಂಗೇ ಮಾಡ್ತೀನಿ ಜವರಣ್ಣೋ!"

ಅಷ್ಟರಲ್ಲಿ ಕಿಟ್ಟು ಬಂತು. ದೊಡ್ಡ ಡಬ್ಬ, ಸುತ್ತ ಟೇಪು. ಡಬ್ಬದ ಹಿಂದೆಯೇ ಸಾವ್ಕಾರ್ರ ಹೆಂಡತಿ ಗೌರಾಂಬಮ್ಮನೂ ಬಂದರು. ಕಿಟ್ಟಿಗೆ ಎಷ್ಟು ಸುರಿದಿದ್ದಾರೆ ಅಂತ ಅವರಿಗೆ ಅವತ್ತೇ ಗೊತ್ತಾಗಿತ್ತು.

"ಮನೆ ಸೂರು ಸೋರ್ತಾ ಇದೆ, ನಿಮಗೆ ಕಿಟ್ಟಾ? ಬುಡ್ಡಿ ದೀಪದ ಹಾಗಿದ್ದ ಗಾಡಿಗೆ ಜಾತ್ರೆ ಪಂಜಾ? ಆ ನನ್ನ ತಮ್ಮನ ಮೇಲಿನ ಹೊಟ್ಟೆಕಿಚ್ಚಿಗೆ ಇನ್ನೂ ಏನೇನು ಮಾರ್ತೀರಿ?"

ಸಾವ್ಕಾರ್ರು ಗಾಡಿ ಹಿಂದೆ ಅವಿತುಕೊಂಡರು. ಜವರಪ್ಪ ಚಿನ್ನಬುದ್ಧಿ ಕಿವೀಲಿ ಪಿಸುಗುಟ್ಟಿದ, "ಈ ಕಡೆ ಬಾರ್ಲಾ, ಅಮ್ಮಾವ್ರು ಕಿಡಿ ಕಾರ್ತಾ ಇದ್ದಾರೆ."

ಕಿಡಿ! ಚಿನ್ನಬುದ್ಧಿ ಕೈಲಿದ್ದ ಸ್ಪ್ಯಾನರ್ ಬಿಸಾಡಿ ಅಮ್ಮಾವ್ರ ಎದುರಿಗೆ ಹಾರಿ ನಿಂತ. ಸ್ಪ್ಯಾನರ್ ಹೋಗಿ ಅವರ ಕಾಲ್ಬೆರಳ ಮೇಲೆ ಬಿತ್ತು. ಅವರು ಇನ್ನೂ ಕಿಡಿ ಕಾರಿದರು. ಇವನು ಚಪ್ಪಾಳೆ ತಟ್ಟಿದ.

"ಭೇಷ್! ಭೇಷ್! ಏನು ದಪ್ಪ ಕಿಡಿ! ಸಾವ್ಕಾರ್ರೇ, ಕೆಲಸ ಆಯ್ತು! ಕಿಟ್ಟು ಯಾಕೆ, ಅಮ್ಮಾವ್ರನ್ನೇ ಬಾನೆಟ್ ಒಳಗೆ ಕೂರಿಸೋಣ!"

ಗಾಡಿ ಹಿಂದೆ ಸಾವ್ಕಾರ್ರು ಕಿಸಕ್ಕಂತ ನಕ್ಕರು. ಅದು ಅಮ್ಮಾವ್ರಿಗೆ ಕೇಳಿಸಿತು. ಅವತ್ತು ಸಾವ್ಕಾರ್ರು ಮನೆಗೆ ಹೋಗಿ ಏನು ಉಂಡರೋ ನಾನು ಹೇಳಲಾರೆ.

ಅಮ್ಮಾವ್ರು ಕುಂಟುತ್ತಾ ಹೋದ ಮೇಲೆ ಜವರಪ್ಪ ಚಿನ್ನಬುದ್ಧಿ ಕಿವಿ ಹಿಂಡಿದ. "ದೊಡ್ಡೋರು ಮಾತಾಡುವಾಗ ಬಾಯಿ ಮುಚ್ಕೊಂಡಿರು! ಕೇಳಿದ್ರೆ ಮಾತ್ರ ಮಾತಾಡು! ಸಾಮಾನನ್ನ ಬಿಸಾಡಬೇಡ! ಯಾವುದನ್ನ ಎಲ್ಲಿಂದ ತೆಗೆದ್ಯೋ, ಒರೆಸಿ, ತೆಗೆದ ಜಾಗದಲ್ಲೇ ಇಡು! ಇದು ಕಡೇ ಸಲ ಕಣ್ಲಾ. ಇನ್ನೊಂದು ತಪ್ಪು ಮಾಡಿದ್ರೆ ನಿಮ್ಮವ್ವ ಬಂದು ಅತ್ತರೂ ನಾನು ಕೇಳಲ್ಲ."

ಅವ್ವ ಅಳ್ತಾಳೆ ಅಂದ ಕೂಡಲೇ ಚಿನ್ನಬುದ್ಧಿ ಮುಖ ಸಣ್ಣದಾಯ್ತು. "ಹಂಗೇ ಮಾಡ್ತೀನಿ ಜವರಣ್ಣ" ಅಂದ, ಈ ಸಲ ಮೆಲ್ಲಗೆ.

ಶನಿವಾರ ಬಂಡೀಪುರದ ಹತ್ತಿರ ಯಾರದ್ದೋ ಲಾರಿ ಕೆಟ್ಟು ನಿಂತು, ಜವರಪ್ಪನಿಗೆ ಕರೆ ಬಂತು. ಬೇರೆ ದಾರಿ ಇರಲಿಲ್ಲ. "ವಾರವೆಲ್ಲಾ ನೋಡಿದ್ದೀಯಲ್ಲ," ಅಂದ. "ಹಳೇ ಪ್ಲಗ್ಗು, ವೈರು, ಕಾಯಿಲ್ಲು, ಪಾಯಿಂಟು, ಎಲ್ಲಾ ಬಿಚ್ಚಿ ಒರೆಸು. ಹೊಸ ಕಿಟ್ಟನ್ನ ಗಾಡಿಗೆ ಹಾಕು. ಅಷ್ಟೇ. ಜಾಸ್ತೀನೂ ಬೇಡ, ಕಮ್ಮೀನೂ ಬೇಡ."

ಚಿನ್ನಬುದ್ಧಿ ಬಿಚ್ಚಿದ. ಒರೆಸಿದ. ಎಂಥಾ ಒರೆಸಾಟ ಅಂತೀರಿ! ಪ್ಲಗ್ಗಿನ ಮಸಿ ಹೋಗಿ ಮೂಗುತಿ ಹಾಗೆ ಹೊಳೆಯೋಕೆ ಶುರುವಾಯ್ತು. ಒಂದೊಂದರ ತುದಿಗೂ ಉಗುರು ತೂರಿಸಿ, ಉಗುರಿನಷ್ಟೇ ಗ್ಯಾಪ್ ಬಿಟ್ಟ. ಪಾಯಿಂಟನ್ನ ಉಜ್ಜಿದ, ವೈರಿನ ತುದಿ ಉಜ್ಜಿದ, ಸಡಿಲ ಇದ್ದದ್ದನ್ನೆಲ್ಲಾ ಬಿಗಿ ಮಾಡಿದ. ಆಮೇಲೆ? ತೆಗೆದದ್ದನ್ನ ತೆಗೆದ ಜಾಗದಲ್ಲೇ ಇಡಬೇಕು! ಎಲ್ಲಾ ಹಳೇದನ್ನೂ ಇದ್ದ ಜಾಗದಲ್ಲೇ ಇಟ್ಟ. ಕಿಟ್ಟು? ಗಾಡಿಗೆ ಹಾಕಬೇಕು! ಡಿಕ್ಕಿ ತೆರೆದ, ಡಬ್ಬ ಹಾಕಿದ, ಡಿಕ್ಕಿ ಮುಚ್ಚಿದ. ಬಾಯೀನೂ ಮುಚ್ಚಿದ.

ಜವರಪ್ಪ ವಾಪಸ್ ಬಂದದ್ದು ಭಾನುವಾರ ಬೆಳಗ್ಗೆ. ಅಷ್ಟು ಹೊತ್ತಿಗೆ ಸಾವ್ಕಾರ್ರು ಗಾಡಿ ಏರಿ ಕೂತಾಗಿತ್ತು. ಕೀಲಿ ತಿರುಗಿಸಿದರು. ಕೆಮ್ಮಲಿಲ್ಲ, ಕ್ಯಾಕರಿಸಲಿಲ್ಲ, ಗುಂಯ್ ಅಂತು. "ಕಿಟ್ಟು ಹಾಕಿದ್ಯಾ?" ಅಂದ ಜವರಪ್ಪ. ಚಿನ್ನಬುದ್ಧಿ ಹ್ಞೂಂ ಅಂದ. ಹಾಕಿದ್ದ ತಾನೇ!

ಪುಟ್ಟತಾಯಮ್ಮ ದೇವರ ಮುಂದೆ ದೀಪ ಹಚ್ಚಿ ಕೂತಳು. ಅತ್ತ ಘಾಟಿಯಲ್ಲಿ ಕೆಂಪು ಗಾಡಿ ಮೊದಲನೇ ತಿರುವು ಹತ್ತಿತು, ಮೂರನೇ ತಿರುವೂ ಹತ್ತಿತು. ಭಾವಮೈದನ ಗಾಡಿಯನ್ನ ಹಿಂದೆ ಹಾಕಿ, ಒಂದೇ ಉಸಿರಿಗೆ ಮೇಲೆ ಹೋಗಿ ನಿಂತಿತು! ಜವರಪ್ಪನೂ ಚಿನ್ನಬುದ್ಧಿಯೂ ಗೌರಾಂಬಮ್ಮನವರನ್ನ ಕೂರಿಸಿಕೊಂಡು ವ್ಯಾನಿನಲ್ಲಿ ಹಿಂದೆಯೇ ಬಂದರು. ಅಷ್ಟರಲ್ಲಿ ಸಾವ್ಕಾರ್ರು ಬಹುಮಾನದ ಬೆಳ್ಳೀ ಬಣ್ಣದ ಕಪ್ ಹಿಡಿದು, ಸುತ್ತ ನೆರೆದ ಜನಕ್ಕೆಲ್ಲಾ ಭಾಷಣ ಬಿಗೀತಿದ್ದರು.

"ಎಲ್ಲಾ ಕಿಟ್ಟಿನ ಮಹಿಮೆ! ಕಿಡಿ ದಪ್ಪ ಇರ್ಬೇಕು ಸ್ವಾಮಿ, ಕಿಡಿ! ಭಾವಮೈದಾ, ನೀನೂ ಒಂದು ತರಿಸ್ಕೊಳ್ಳಪ್ಪಾ!"

ಜವರಪ್ಪ ಪಾಪ, ತಲೆ ತಗ್ಗಿಸಿ ಕೈ ಮುಗಿದ. "ತಪ್ಪಾಯ್ತು ಸಾವ್ಕಾರ್ರೇ. ಕಿಟ್ಟು ದಂಡ ಅಂದಿದ್ದೆ. ನಾನೇ ದಡ್ಡ."

ಜನ ಚದುರಿದರು. ಸಾವ್ಕಾರ್ರು ಕಪ್ಪನ್ನ ಇಡೋಣ ಅಂತ ಡಿಕ್ಕಿ ತೆಗೆದರು. ಒಳಗೆ ಡಬ್ಬ. ಸುತ್ತ ಟೇಪು. ಟೇಪು ಬಿಚ್ಚೇ ಇಲ್ಲ.

ಸಾವ್ಕಾರ್ರ ಮುಖ ಬಿಳಿಚಿತು. ಜವರಪ್ಪ ಡಬ್ಬ ನೋಡಿದ, ಚಿನ್ನಬುದ್ಧಿಯನ್ನ ನೋಡಿದ. "ಏನ್ಲಾ ಇದು? ಬಾಯಿ ಬಿಡ್ಲಾ!"

ಕೇಳಿದ್ದಕ್ಕೆ ಚಿನ್ನಬುದ್ಧಿ ಬಾಯಿ ಬಿಟ್ಟ. "ಗಾಡಿಗೆ ಹಾಕು ಅಂದ್ರಿ, ಹಾಕಿದೆ. ತೆಗೆದದ್ದನ್ನ ತೆಗೆದ ಜಾಗದಲ್ಲೇ ಇಡು ಅಂದ್ರಿ, ಇಟ್ಟೆ."

ಗೌರಾಂಬಮ್ಮನವರಿಗೆ ನಗು ಬಂತು. ನಕ್ಕೂ ನಕ್ಕೂ ಗಾಡಿಗೆ ಒರಗಿ ನಿಂತರು, ಕಣ್ಣಲ್ಲಿ ನೀರು ಬಂತು. ಜವರಪ್ಪನಿಗೂ ತಡೆಯೋಕಾಗಲಿಲ್ಲ. ಸಾವ್ಕಾರ್ರು ಮಾತ್ರ ಅತ್ತ ಇತ್ತ ನೋಡಿ, ಭಾವಮೈದ ಹತ್ತಿರ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಡಬ್ಬ ತೆಗೆದು ಚಿನ್ನಬುದ್ಧಿ ಕಂಕುಳಿಗೆ ತುರುಕಿದರು.

"ಲೋ ಮಗ, ನಿನ್ನಿಂದ ಗೆದ್ದೆ, ಇಲ್ಲ ಅನ್ನಲ್ಲ. ಗ್ಯಾರೇಜಲ್ಲಿ ನಿನ್ನ ಕೆಲಸ ಖಾಯಂ, ಜವರಪ್ಪನಿಗೆ ನಾನು ಹೇಳ್ತೀನಿ. ಆದ್ರೆ ಈ ಕಿಟ್ಟಿನ ವಿಷಯ ಮಾತ್ರ ಹೊಟ್ಟೆಗೆ ಹಾಕ್ಕೊಂಡುಬಿಡು. ನನ್ನ ಮಾನ ನಿನ್ನ ಹೊಟ್ಟೇಲಿದೆ!"

"ಹಂಗೇ ಮಾಡ್ತೀನಿ ಸಾವ್ಕಾರ್ರೇ!"

ಸಂಜೆ ಜವರಪ್ಪ ದಾರಿಯಲ್ಲೇ ಪುಟ್ಟತಾಯಮ್ಮನಿಗೆ ಸಿಕ್ಕಿ ಸುದ್ದಿ ಹೇಳಿದ. ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀದಿಯವರಿಗೆಲ್ಲಾ ಸಕ್ಕರೆ ಹಂಚಿದಳು. ಮಗನಿಗೆ ಪಾಯಸ ಮಾಡೋಣ ಅಂತ ಬೆಲ್ಲ ಕಟ್ಟಿಸಿಕೊಂಡು ಮನೆಗೆ ಬಂದಳು. ಬಾಗಿಲು ತೆಗೆದರೆ ಹೊಗೆ! ರಬ್ಬರ್ ಸುಟ್ಟ ವಾಸನೆ! ಒಲೆ ಮೇಲೆ ದೊಡ್ಡ ಪಾತ್ರೆ ಕೊತಕೊತ ಕುದೀತಿದೆ. ಮಗ ಮುಂದೆ ಕೂತು ಸೌಟಿನಲ್ಲಿ ತಿರುವುತ್ತಿದ್ದಾನೆ. ಸೌಟಿನ ತುದೀಲಿ ನಾಲ್ಕು ಹಲ್ಲಿನ ಪ್ಲಗ್ಗು.

"ಅಯ್ಯೋ! ಏನ್ಲಾ ಬೇಯಿಸ್ತಾ ಇದ್ದೀಯ?"

"ಕಿಟ್ಟು ಅವ್ವ! ಹೊಟ್ಟೆಗೆ ಹಾಕ್ಕೊಂಡ್ರೆ ಕೆಲಸ ಖಾಯಂ! ಉಪ್ಪು, ಹುಳಿ, ಖಾರ ಎಲ್ಲಾ ಹಾಕಿದ್ದೀನಿ. ವೈರು ಬೆಂದಿದೆ, ಕಾಯಿಲ್ಲು ಇನ್ನೂ ಸ್ವಲ್ಪ ಗಟ್ಟಿ ಇದೆ. ಇಷ್ಟೊಂದು ನನ್ನೊಬ್ಬನ ಹೊಟ್ಟೆಗೆ ಹಿಡಿಸಲ್ಲ. ಕೂತ್ಕೋ, ನಿನಗೂ ಬಡಿಸ್ತೀನಿ!"

ತಾಯಿ ಮಗ ಉಂಡರೋ ಬಿಟ್ಟರೋ ನನಗೆ ಗೊತ್ತಿಲ್ಲ. ನನ್ನನ್ನೂ ಊಟಕ್ಕೆ ಕರೆದರು, ನಾನು ನಿಲ್ಲಲಿಲ್ಲ.